2.93 ದೊಡ್ಡದೋ, 2.60 ದೊಡ್ಡದೋ? ಹಳೆಯ ಎರಡು ಸರ್ವರ್ ಪ್ರೊಸೆಸರ್ ತೂಗಿ ನೋಡುವ ಬಗೆ

ಜುಲೈ ತಿಂಗಳ ಒಂದು ಸಂಜೆ ಕಾರವಾರದಿಂದ ಭಾವನ ಫೋನ್ ಬಂತು. ಶಿರಸಿಯಲ್ಲಿ ಮಳೆ ಎಂದರೆ ಮಳೆ. ಹಂಚಿನ ಸದ್ದಿಗೆ ಅವನ ಮಾತು ಅರ್ಧವೂ ಕೇಳುತ್ತಿರಲಿಲ್ಲ. ಕೇಳಿದ್ದು ಇಷ್ಟು.

“ಎರಡು ಹಳೇ ಸರ್ವರ್ ಸಿಕ್ಕಿದ್ದು ನೋಡು. ಎರಡಕ್ಕೂ ಒಂದೇ ರೇಟು. ಒಂದು 2.93 ಗಿಗಾಹರ್ಟ್ಸ್, ಇನ್ನೊಂದು 2.60. ಜಾಸ್ತಿ ಇದ್ದಿದ್ದನ್ನೇ ಇಟ್ಕೊಳ್ಳಲಾ?”

“ತಡಿ ಮಾರಾಯ, ದುಡ್ಡು ಕೊಡಬೇಡ.”

“ಕೊಟ್ಟಾಯ್ತು. ಎರಡಕ್ಕೂ. ಒಂದನ್ನ ಹದಿನೈದು ದಿನದೊಳಗೆ ವಾಪಸ್ ತಗೋತಾರಂತೆ.”

ಮರುದಿನ ಎರಡೂ ಪೆಟ್ಟಿಗೆ ಓಮ್ನಿಯಲ್ಲಿ ದೇವಿಮನೆ ಘಟ್ಟ ಹತ್ತಿ ನನ್ನ ಅಂಗಡಿಗೆ ಬಂದವು. ಆ ಎರಡು ವಾರದಲ್ಲಿ ನಾವು ಮಾಡಿದ್ದನ್ನು ಕ್ರಮವಾಗಿ ಇಲ್ಲಿ ಬರೆದಿದ್ದೇನೆ. ನಡುವೆ ಮಾಡಿಕೊಂಡ ಎಡವಟ್ಟೂ ಇದೆ. ನಿಮ್ಮ ಹತ್ತಿರ ಇರುವುದು ಬೇರೆ ಮಾದರಿಯ ಪ್ರೊಸೆಸರ್ ಆದರೂ ಕ್ರಮ ಇದೇ.

ಭಾವನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹಳೆಯ ಕನ್ನಡ ಪುಸ್ತಕ, ಯಕ್ಷಗಾನ ಪ್ರಸಂಗದ ಪ್ರತಿ, ಸಂಘಗಳ ವಾರ್ಷಿಕ ವರದಿ, ಇಂಥವನ್ನು ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಇಳಿಸಿ ಕೊಡುತ್ತಾನೆ. ಅದಕ್ಕೆ ಟೆಸರಾಕ್ಟ್ ಅನ್ನುವ ಉಚಿತ ಓಸಿಆರ್ ತಂತ್ರಾಂಶ ಬಳಸುತ್ತಾನೆ. ಅವನ ಡೆಸ್ಕ್‌ಟಾಪ್ ರಾತ್ರಿಯಿಡೀ ಓಡಿದರೂ ಬೆಳಿಗ್ಗೆ ಪುಸ್ತಕ ಅರ್ಧದಲ್ಲೇ ಇರುತ್ತಿತ್ತು.

ಮೊದಲು ಹೆಸರು ಸರಿಯಾಗಿ ಓದಿ

ಭಾವ ತಂದ ಎರಡರಲ್ಲಿ ಒಂದು ಇಂಟೆಲ್ ಝಿಯಾನ್ ಎಕ್ಸ್5670. ಇನ್ನೊಂದು ಝಿಯಾನ್ ಇ5-2670. ಕೊನೆಯ ಮೂರು ಅಂಕಿ ಒಂದೇ. ಅಣ್ಣ ತಮ್ಮ ಇರಬೇಕು ಅನ್ನಿಸುತ್ತದೆ. ಆದರೆ ಮನೆತನವೇ ಬೇರೆ.

ಎಕ್ಸ್5670 ಬಂದಿದ್ದು 2010ರಲ್ಲಿ. ವೆಸ್ಟ್‌ಮಿಯರ್ ತಲೆಮಾರು. 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸದ ಎಳೆ), 12 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ, ಚುರುಕು ಮೆಮೊರಿ), 95 ವಾಟ್. ಮೂಲ ವೇಗ 2.93 ಗಿಗಾಹರ್ಟ್ಸ್, ಅಂದರೆ ಅದರ ಒಳಗಿನ ಗಡಿಯಾರ ಸೆಕೆಂಡಿಗೆ 293 ಕೋಟಿ ಸಲ ಟಿಕ್ ಅನ್ನುತ್ತದೆ. ಇ5-2670 ಬಂದಿದ್ದು 2012ರಲ್ಲಿ. ಸ್ಯಾಂಡಿ ಬ್ರಿಡ್ಜ್ ತಲೆಮಾರು. 8 ಕೋರ್, 16 ಥ್ರೆಡ್, 20 ಎಂಬಿ ಕ್ಯಾಶ್, 115 ವಾಟ್. ಮೂಲ ವೇಗ 2.6. ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು, ಕೂಡ ಬೇರೆ. ಒಂದರ ಬೋರ್ಡಿಗೆ ಇನ್ನೊಂದು ಕೂರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇ5-2670 ಎಂಬ ಹೆಸರಿನ ಮುಂದೆ ವಿ2, ವಿ3 ಅಂತ ಬಾಲ ಇದ್ದರೆ ಅದು ಬೇರೆಯೇ ಪ್ರಾಣಿ. ವಿ2 ಎಂದರೆ 10 ಕೋರ್, 2.5 ಗಿಗಾಹರ್ಟ್ಸ್. ವಿ3 ಎಂದರೆ 12 ಕೋರ್, 2.3 ಗಿಗಾಹರ್ಟ್ಸ್, ಮೆಮೊರಿಯೂ ಡಿಡಿಆರ್4 ಎಂಬ ಮುಂದಿನ ತಲೆಮಾರಿನದು. ಹಳೆ ಸಾಮಾನು ಮಾರುವವರು ಈ ಬಾಲವನ್ನು ಬರೆಯಲು ಮರೆಯುತ್ತಾರೆ, ಕೆಲವರು ಬೇಕಂತಲೇ ಮರೆಯುತ್ತಾರೆ. ಆದ್ದರಿಂದ ಯಂತ್ರ ಆನ್ ಮಾಡಿ, ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಕಮಾಂಡ್ ಕೊಟ್ಟು ಹೆಸರು, ಕೋರ್, ಕ್ಯಾಶ್ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜಾಹೀರಾತಿನ ಫೋಟೋ ನಂಬಬೇಡಿ.

ಕಾಗದದ ಮೇಲಿನ ಲೆಕ್ಕ, ಮೂರು ಉತ್ತರ

ಯಂತ್ರ ಬಿಚ್ಚುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನಾನು ಭಾವನ ಎದುರೇ ಹಾಕಿದೆ.

ಮೊದಲನೆಯದು ಅವನದೇ ಲೆಕ್ಕ. ಕೋರ್ ಎಷ್ಟು, ವೇಗ ಎಷ್ಟು, ಗುಣಿಸು. 6 ಗುಣಿಸು 2.93 ಅಂದರೆ 17.58. 8 ಗುಣಿಸು 2.6 ಅಂದರೆ 20.8. ಹೊಸದು ಸುಮಾರು 1.18 ಪಟ್ಟು.

ಎರಡನೆಯದು ಮೆಮೊರಿಯ ಲೆಕ್ಕ. ಎಕ್ಸ್5670ಗೆ ಮೆಮೊರಿಯ ಮೂರು ಚಾನೆಲ್ (ಮೆಮೊರಿಗೂ ಪ್ರೊಸೆಸರ್‌ಗೂ ನಡುವಿನ ಹಾದಿ), 1333 ವೇಗದ ಡಿಡಿಆರ್3 ಜಾತಿಯ ಮೆಮೊರಿ. ಎಲ್ಲ ಸೇರಿ ಸೆಕೆಂಡಿಗೆ ಹೆಚ್ಚೆಂದರೆ 32 ಜಿಬಿ ಸಾಗಿಸಬಹುದು. ಇ5-2670ಗೆ ನಾಲ್ಕು ಚಾನೆಲ್, 1600ರ ಡಿಡಿಆರ್3. ಅದು 51.2 ಜಿಬಿ. ಹೊಸದು 1.6 ಪಟ್ಟು.

ಮೂರನೆಯದು ದಶಮಾಂಶದ ಗಣಿತ. ಎಕ್ಸ್5670ರ ಒಂದು ಕೋರ್ ಗಡಿಯಾರದ ಒಂದು ಟಿಕ್‌ಗೆ ಇಂಥ 4 ಲೆಕ್ಕ ಮಾಡಬಲ್ಲದು. ಇ5-2670 ಏವಿಎಕ್ಸ್ ಎಂಬ ಅಗಲವಾದ ಸೂಚನೆ ಬಳಸಿ 8 ಮಾಡಬಲ್ಲದು. ಗುಣಿಸಿದರೆ ಒಂದು ಕಡೆ 70.3 ಗಿಗಾಫ್ಲಾಪ್ಸ್ (ಒಂದು ಗಿಗಾಫ್ಲಾಪ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಲೆಕ್ಕ), ಇನ್ನೊಂದು ಕಡೆ 166.4. ಹೊಸದು ಸುಮಾರು 2.37 ಪಟ್ಟು.

“ಹಾಗಾದ್ರೆ ನಿಜ ಯಾವುದು?” ಅಂದ ಭಾವ. ಮೂರೂ ನಿಜ. ನಿನ್ನ ಕೆಲಸಕ್ಕೆ ಯಾವುದು ನಿಜ ಅಂತ ಗೊತ್ತಾಗಬೇಕಾದರೆ ನಿನ್ನ ಕೆಲಸವನ್ನೇ ಕೊಟ್ಟು ನೋಡಬೇಕು.

ಇನ್ನು ಅವನನ್ನು ಮರುಳು ಮಾಡಿದ್ದ ಆ 2.93. ಎರಡೂ ಪ್ರೊಸೆಸರ್‌ಗೆ ಟರ್ಬೋ ಇದೆ. ಒಂದೇ ಕೋರ್ ದುಡಿಯುವಾಗ, ಬಿಸಿ ಕಡಿಮೆ ಇದ್ದಾಗ, ವೇಗ ತಾನಾಗಿ ಏರುತ್ತದೆ. ಎಕ್ಸ್5670 ಹೆಚ್ಚೆಂದರೆ 3.33ಕ್ಕೆ ಏರುತ್ತದೆ, ಇ5-2670 3.3ಕ್ಕೆ. ಅಂದರೆ ಒಂಟಿ ಕೆಲಸದಲ್ಲಿ ಗಡಿಯಾರದ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಮೇಲಾಗಿ ಸ್ಯಾಂಡಿ ಬ್ರಿಡ್ಜ್ ಒಂದು ಟಿಕ್‌ಗೆ ಮೆಮೊರಿಯಿಂದ ಎರಡು ಸಲ ಓದಬಲ್ಲದು, ವೆಸ್ಟ್‌ಮಿಯರ್ ಒಂದೇ ಸಲ. ಟಿಕ್ ಎಷ್ಟು ಅನ್ನುವುದಕ್ಕಿಂತ ಒಂದು ಟಿಕ್‌ನಲ್ಲಿ ಎಷ್ಟು ಕೆಲಸ ಆಗುತ್ತದೆ ಅನ್ನುವುದು ದೊಡ್ಡ ಮಾತು.

ಅಡಿಕೆ ಸುಲಿಯುವ ಮನೆ ನೋಡಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಮೆಟ್ಟುಗತ್ತಿ ಹಿಡಿದು ಕೂತವರು ಕೋರ್‌ಗಳು. ಅಂಗಳದಿಂದ ಬುಟ್ಟಿ ತಂದು ಸುರಿಯುವವರು ಮೆಮೊರಿ. ಎಂಟು ಜನ ಸುಲಿಯಲು ಕೂತು ಬುಟ್ಟಿ ಹೊರುವವನು ಒಬ್ಬನೇ ಆದರೆ ಮಾತುಕತೆ ಜೋರಾಗಿ ನಡೆಯುತ್ತದೆ, ಅಡಿಕೆ ಮಾತ್ರ ಮುಗಿಯುವುದಿಲ್ಲ. 6 ಕೋರ್‌ಗೆ 12 ಥ್ರೆಡ್ ಅಂದರೆ ಹನ್ನೆರಡು ಜನ ಬಂದರು ಅಂತಲ್ಲ. ಒಬ್ಬೊಬ್ಬರ ಎದುರು ಎರಡೆರಡು ಬುಟ್ಟಿ ಇಟ್ಟಂತೆ. ಒಂದು ಖಾಲಿಯಾದಾಗ ಸುಮ್ನೆ ಕೂರದೆ ಇನ್ನೊಂದಕ್ಕೆ ಕೈ ಹಾಕುತ್ತಾರೆ, ಅಷ್ಟೇ. ಕತ್ತಿ ಆರೇ.

ಪೆಟ್ಟಿಗೆ ಬಿಚ್ಚಿ

ಅಳೆಯುವ ಮೊದಲು ಎರಡೂ ಯಂತ್ರ ಒಂದೇ ಸ್ಥಿತಿಗೆ ಬರಬೇಕು. ಬಹಳ ಜನ ಇದನ್ನೇ ಬಿಡುತ್ತಾರೆ. ನಾವೂ ಬಿಟ್ಟಿದ್ದೆವು.

ಮೊದಲ ದಿನ ಆತುರಕ್ಕೆ ಹಾಗೇ ಆನ್ ಮಾಡಿ ಪರೀಕ್ಷೆ ಹಚ್ಚಿದೆವು. ಮೆಮೊರಿ ಪರೀಕ್ಷೆಯಲ್ಲಿ ಹೊಸ ಯಂತ್ರ ಹಳೆಯದರ ಅರ್ಧದ ಆಚೀಚೆ ನಿಂತಿತು. ಕಡತ ಕುಗ್ಗಿಸುವ ಪರೀಕ್ಷೆಯಲ್ಲೂ 8 ಕೋರ್‌ನದು 6 ಕೋರ್‌ನದನ್ನು ದಾಟಲಿಲ್ಲ. ಭಾವ ಗೆದ್ದ ಮುಖ ಮಾಡಿಕೊಂಡು ಚಹಾ ಕುಡಿದ. ಹೊಸದನ್ನು ವಾಪಸ್ ಕಟ್ಟಲು ರಟ್ಟಿನ ಪೆಟ್ಟಿಗೆಯನ್ನೂ ಹುಡುಕಿದ.

ನನಗೆ ಮಾತ್ರ ಆ ಅಂಕಿ ಸರಿ ಕಾಣಲಿಲ್ಲ. ಕಾಗದದಲ್ಲಿ 1.6 ಪಟ್ಟು ಇರಬೇಕಾದದ್ದು ಅರ್ಧಕ್ಕೆ ಇಳಿಯುವುದು ಹೇಗೆ? ‘ಡಿಎಂಐಡಿಕೋಡ್’ ಕಮಾಂಡ್‌ಗೆ ಮೆಮೊರಿ ತೋರಿಸು ಅಂದೆ. ಯಾವ ಸ್ಲಾಟ್‌ನಲ್ಲಿ ಎಷ್ಟು ಜಿಬಿ, ಯಾವ ವೇಗ ಅಂತ ಅದು ಸಾಲಾಗಿ ಹೇಳುತ್ತದೆ. 16 ಜಿಬಿಯ ಎರಡು ಕಡ್ಡಿ ಇತ್ತು, ಉಳಿದ ಸ್ಲಾಟ್ ಖಾಲಿ. ಮುಚ್ಚಳ ತೆಗೆದು ಟಾರ್ಚ್ ಹಿಡಿದೆ. ಎರಡೂ ಕಡ್ಡಿ ಒತ್ತೊತ್ತಾಗಿ ಒಂದೇ ಮೂಲೆಯಲ್ಲಿ ಕೂತಿದ್ದವು. ಮುಚ್ಚಳದ ಒಳಗೆ ಅಂಟಿಸಿದ್ದ ನಕ್ಷೆ ನೋಡಿದರೆ ಎರಡೂ ಒಂದೇ ಚಾನೆಲ್ಲಿನ ಸ್ಲಾಟ್. ಮಾರಿದವರು ಎಲ್ಲಿ ಕೈಗೆ ಎಟುಕಿತೋ ಅಲ್ಲಿ ಚುಚ್ಚಿ ಕಳಿಸಿದ್ದಾರೆ. ಅದೂ 1333ರ ಕಡ್ಡಿ. ಒಂದು ಚಾನೆಲ್ ಅಂದರೆ ಸೆಕೆಂಡಿಗೆ ಬರೀ 10.6 ಜಿಬಿ. ಎದುರಿಗೆ ಹಳೆಯದು ಮೂರೂ ಚಾನೆಲ್ ತುಂಬಿಕೊಂಡು 32ರ ಹಾದಿ ಇಟ್ಟುಕೊಂಡು ಕೂತಿತ್ತು. ಎಂಟು ಜನಕ್ಕೆ ಒಬ್ಬನೇ ಬುಟ್ಟಿ ಹೊರುವವನು.

ನನ್ನ ಹತ್ತಿರ ಹಳೆ ಯಂತ್ರದಿಂದ ಬಿಚ್ಚಿಟ್ಟ 8 ಜಿಬಿಯ ನಾಲ್ಕು ಕಡ್ಡಿ ಇದ್ದವು, ಅವೂ 1333ರವು. ಚಾನೆಲ್‌ಗೆ ಒಂದರಂತೆ ಹಾಕಿದೆ. ಈಗ ಹಾದಿ 42.6 ಜಿಬಿ. ಮತ್ತೆ ಓಡಿಸಿದ ಮೇಲೆ ಭಾವ ಚಹಾ ಲೋಟ ಕೆಳಗಿಟ್ಟ.

ಅದಕ್ಕೇ ಹೇಳುವುದು: ಎಷ್ಟು ಜಿಬಿ ಇದೆ ಅಂತ ಕೇಳಿದರೆ ಸಾಲದು, ಎಷ್ಟು ಕಡ್ಡಿ, ಯಾವ ಸ್ಲಾಟ್ ಅಂತ ನೋಡಬೇಕು. ಮೂರು ಚಾನೆಲ್ಲಿನದಕ್ಕೆ ಮೂರು ಅಥವಾ ಆರು, ನಾಲ್ಕು ಚಾನೆಲ್ಲಿನದಕ್ಕೆ ನಾಲ್ಕು ಅಥವಾ ಎಂಟು. ಎಲ್ಲ ಒಂದೇ ಅಳತೆಯವು. ಎರಡು ಸಾಕೆಟ್ ಇರುವ ಬೋರ್ಡಿನಲ್ಲಿ ಒಂದೇ ಪ್ರೊಸೆಸರ್ ಇದ್ದರೆ ಎರಡನೆಯದರ ಪಕ್ಕದ ಸ್ಲಾಟ್‌ಗಳು ಸತ್ತಂತೆ. ಅಲ್ಲಿ ಕಡ್ಡಿ ಹಾಕಿ ಪ್ರಯೋಜನ ಇಲ್ಲ.

ಮುಚ್ಚಳ ತೆಗೆದಾಗಲೇ ಉಳಿದದ್ದನ್ನೂ ಮುಗಿಸಿ. ಹತ್ತು ವರ್ಷ ದಾಟಿದ ಯಂತ್ರದಲ್ಲಿ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತೆ ಆಗಿರುತ್ತದೆ. ಒರೆಸಿ ಹೊಸದು ಹಚ್ಚಿ. ಹೀಟ್‌ಸಿಂಕ್ ಸಂದಿಯ ಧೂಳು ಬ್ರಶ್‌ನಿಂದ ತೆಗೆಯಿರಿ. ಕರಾವಳಿಯಲ್ಲಿ ಇದ್ದ ಯಂತ್ರವಾದರೆ ಇನ್ನೊಂದು ನೋಡಿ. ಉಪ್ಪುಗಾಳಿಗೆ ಲೋಹದ ಕಡೆ ಹಸಿರು ಕಿಲುಬು ಹಿಡಿದಿರುತ್ತದೆ. ಮೆಮೊರಿ ಕಡ್ಡಿಯ ಹಳದಿ ತುದಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಮೆತ್ತಗೆ ಒರೆಸಬಹುದು. ಸಾಕೆಟ್ಟಿನ ಒಳಗಿನ ಪಿನ್ ಮಾತ್ರ ಮುಟ್ಟಬೇಡಿ. ಕೂದಲಿನಂಥ ಪಿನ್ ಅದು, ಒಂದು ಬಾಗಿದರೆ ಬೋರ್ಡೇ ಹೋಯಿತು. ಘಟ್ಟದ ಮೇಲಿನವರು ಮಳೆಗಾಲದಲ್ಲಿ ಪೆಟ್ಟಿಗೆ ತಂದ ಕೂಡಲೇ ಆನ್ ಮಾಡಬೇಡಿ, ಒಂದು ರಾತ್ರಿ ಒಣ ಜಾಗದಲ್ಲಿ ಇಡಿ.

ಒಂದೇ ತಕ್ಕಡಿ

ಎರಡಕ್ಕೂ ಒಂದೇ ಲಿನಕ್ಸ್, ಒಂದೇ ಆವೃತ್ತಿ. ನಾನು ಒಂದೇ ಎಸ್‌ಎಸ್‌ಡಿ ಬಿಚ್ಚಿ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹಾಕಿದೆ. ಹಾಗೆ ಮಾಡಿದರೆ ಲಿನಕ್ಸ್‌ನ ತಿರುಳಾದ ಕರ್ನಲ್, ತಂತ್ರಾಂಶ ಎಲ್ಲ ತಾನಾಗಿ ಒಂದೇ ಆಗುತ್ತದೆ. ಕರ್ನಲ್ ಯಾಕೆ ಮುಖ್ಯ ಅಂದರೆ, 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಭದ್ರತಾ ದೋಷಗಳು ಈ ಎರಡೂ ಪ್ರೊಸೆಸರ್‌ನಲ್ಲಿ ಇವೆ. ಅದಕ್ಕೆ ಹಾಕಿದ ತೇಪೆ ಸ್ವಲ್ಪ ವೇಗ ತಿನ್ನುತ್ತದೆ. ಡಿಸ್ಕ್, ನೆಟ್‌ವರ್ಕ್ ಅಂತ ಕರ್ನಲ್ಲನ್ನು ಪದೇ ಪದೇ ಕರೆಯುವ ಕೆಲಸದಲ್ಲಿ ಜಾಸ್ತಿ ತಿನ್ನುತ್ತದೆ. ಒಂದರಲ್ಲಿ ತೇಪೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ತಕ್ಕಡಿಯೇ ಓರೆ. ಎಲ್‌ಎಸ್‌ಸಿಪಿಯು ಕೊನೆಯ ಸಾಲುಗಳಲ್ಲಿ ಯಾವ ದೋಷಕ್ಕೆ ತೇಪೆ ಇದೆ ಅಂತ ಬರೆದಿರುತ್ತದೆ.

ವೇಗ ನಿಯಂತ್ರಿಸುವ ‘ಗವರ್ನರ್’ ಎರಡರಲ್ಲೂ ‘ಪರ್ಫಾರ್ಮೆನ್ಸ್’ ಇರಲಿ. ‘ಪವರ್‌ಸೇವ್’ ಅಂತ ಬಿಟ್ಟರೆ ಮೋಸ ಹೋಗುತ್ತೀರಿ. ಸ್ಯಾಂಡಿ ಬ್ರಿಡ್ಜ್‌ನಿಂದ ಈಚೆಗೆ ಇಂಟೆಲ್‌ನ ಬೇರೆ ಡ್ರೈವರ್ ಇದೆ, ಅದರಲ್ಲಿ ಆ ಪದಕ್ಕೆ ಕೆಲಸ ಬಂದಾಗ ಏರು ಎಂಬ ಅರ್ಥ ಇರಬಹುದು. ವೆಸ್ಟ್‌ಮಿಯರ್‌ನ ಹಳೆಯ ಡ್ರೈವರ್‌ನಲ್ಲಿ ಅದೇ ಪದಕ್ಕೆ ಅತಿ ಕಡಿಮೆ ವೇಗದಲ್ಲೇ ಬಿದ್ದಿರು ಎಂಬ ಅರ್ಥ. ಪದ ಒಂದೇ, ನಡತೆ ಬೇರೆ.

ಬಯಾಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಟರ್ಬೋ, ಹೈಪರ್‌ಥ್ರೆಡಿಂಗ್ (ಒಂದು ಕೋರ್‌ಗೆ ಎರಡು ಥ್ರೆಡ್) ಎರಡೂ ಆನ್ ಇದೆಯಾ ನೋಡಿ. ಒಂದೇ ಕೋಣೆ, ಒಂದೇ ಹೊತ್ತು. ಮೇ ತಿಂಗಳ ಕಾರವಾರದ ಮಧ್ಯಾಹ್ನ ಒಂದನ್ನು, ಶಿರಸಿಯ ಮಳೆಗಾಲದ ರಾತ್ರಿ ಇನ್ನೊಂದನ್ನು ಅಳೆದರೆ ನೀವು ಅಳೆದದ್ದು ಹವಾಮಾನ. ಯುಪಿಎಸ್ ಇರಲೇಬೇಕು. ನಮ್ಮ ಕಡೆ ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ, ನಾಲ್ಕು ತಾಸಿನ ಓಟ ಮೂರೂಮುಕ್ಕಾಲಕ್ಕೆ ನಿಂತರೆ ಅಳುವುದೊಂದೇ ಬಾಕಿ.

ಸಣ್ಣ ಪರೀಕ್ಷೆಗಳು

ಮೊದಲು ಕಡತ ಕುಗ್ಗಿಸುವ ಸೆವೆನ್ ಜಿಪ್. ಅದರ ಒಳಗೇ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಇದೆ, ಬೇರೇನೂ ಬೇಡ. ಒಂದು ಸಲ ಒಂದೇ ಥ್ರೆಡ್‌ನಲ್ಲಿ, ಇನ್ನೊಂದು ಸಲ ಎಲ್ಲ ಥ್ರೆಡ್‌ನಲ್ಲಿ ಓಡಿಸಿ. ಕುಗ್ಗಿಸುವ ಅಂಕಿ, ಬಿಡಿಸುವ ಅಂಕಿ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಕುಗ್ಗಿಸುವುದು ಮೆಮೊರಿ ಮತ್ತು ಕ್ಯಾಶ್ ಮೇಲೆ ನಿಂತಿದೆ. ಬಿಡಿಸುವುದು ಕೋರ್‌ನ ಸ್ವಂತ ಚುರುಕಿನ ಮೇಲೆ. ಬಿಡಿಸುವುದರಲ್ಲಿ ಗೆದ್ದು ಕುಗ್ಗಿಸುವುದರಲ್ಲಿ ಸೋತರೆ ಮತ್ತೆ ಮೆಮೊರಿ ಕಡ್ಡಿ ಕಡೆ ಹೋಗಿ. ನಮಗೆ ಸುಳಿವು ಸಿಕ್ಕಿದ್ದು ಹೀಗೇ.

ಮೆಮೊರಿಗೆ ‘ಸ್ಟ್ರೀಮ್’ ಎಂಬ ಸಣ್ಣ ಪ್ರೋಗ್ರಾಂ ಇದೆ. ಅದನ್ನು ಕಂಪೈಲ್ ಮಾಡುವಾಗ ಅರೇ (ಅಂಕಿಗಳ ಸಾಲು) ಎಷ್ಟು ಅಳತೆಯದು ಅಂತ ನೀವೇ ಕೊಡಬೇಕು. ಪ್ರತಿ ಅರೇ ಕೊನೇ ಹಂತದ ಕ್ಯಾಶ್‌ನ ನಾಲ್ಕು ಪಟ್ಟಾದರೂ ಇರಬೇಕು ಅನ್ನುವುದು ನಿಯಮ. 20 ಎಂಬಿ ಕ್ಯಾಶ್‌ಗೆ 80 ಎಂಬಿ. ನಾನು ಧಾರಾಳವಾಗಿ 4 ಕೋಟಿ ಅಂಶ ಕೊಟ್ಟೆ. ಒಂದಕ್ಕೆ 8 ಬೈಟ್, ಒಟ್ಟು 320 ಎಂಬಿ. ಚಿಕ್ಕದು ಕೊಟ್ಟರೆ ಎಲ್ಲ ಕ್ಯಾಶ್ ಒಳಗೇ ಕೂತು ಸುಳ್ಳು ಅಂಕಿ ಬರುತ್ತದೆ. ಬಂದ ಅಂಕಿ ಕಾಗದದ 32, 42 ಮುಟ್ಟುವುದಿಲ್ಲ, ಅದು ಸಹಜ. ತೀರಾ ಕೆಳಗಿದ್ದರೆ ಮಾತ್ರ ಅನುಮಾನ ಪಡಿ.

ಸಿಸ್‌ಬೆಂಚ್‌ನ ಸಿಪಿಯು ಪರೀಕ್ಷೆ ಎಲ್ಲರೂ ಓಡಿಸುತ್ತಾರೆ. ನನಗೆ ಅದರ ಮೇಲೆ ಅಷ್ಟು ಗೌರವ ಇಲ್ಲ. ಅದು ಅವಿಭಾಜ್ಯ ಸಂಖ್ಯೆ ಹುಡುಕುತ್ತಾ ಕೂರುತ್ತದೆ, ಮೆಮೊರಿಯನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಒಂದು ತಮಾಷೆಯೂ ಇದೆ. ಹಳೆಯ 0.4 ಆವೃತ್ತಿ ಇಷ್ಟು ಕೆಲಸಕ್ಕೆ ಎಷ್ಟು ಹೊತ್ತು ಅಂತ ಹೇಳುತ್ತಿತ್ತು. 1.0 ಬಂದ ಮೇಲೆ 10 ಸೆಕೆಂಡಿನಲ್ಲಿ ಎಷ್ಟು ಕೆಲಸ ಅಂತ ಹೇಳುತ್ತದೆ. ಅದನ್ನು ಗಮನಿಸದೆ ಒಟ್ಟು ಸಮಯದ ಸಾಲು ನೋಡಿದರೆ ಎರಡು ಯಂತ್ರದಲ್ಲೂ 10 ಸೆಕೆಂಡ್. “ಎರಡೂ ಒಂದೇ ಅಲ್ವಾ?” ಅಂದ ಭಾವ. ಅವನೊಬ್ಬನೇ ಅಲ್ಲ, ಹೀಗೆ ಅಂದವರನ್ನು ಬೇರೆಯವರನ್ನೂ ನೋಡಿದ್ದೇನೆ.

ಪರೀಕ್ಷೆ ಓಡುವಾಗ ಪಕ್ಕದ ಕಿಟಕಿಯಲ್ಲಿ ‘ಟರ್ಬೋಸ್ಟ್ಯಾಟ್’ ಹಾಕಿಡಿ. ಆ ಕ್ಷಣದ ನಿಜವಾದ ವೇಗವನ್ನೂ ಬಿಸಿಯನ್ನೂ ತೋರಿಸುತ್ತದೆ. ಮೊದಲ ಎರಡು ನಿಮಿಷ ಚೆನ್ನಾಗಿದ್ದು ಆಮೇಲೆ ವೇಗ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ತಪ್ಪು ಪ್ರೊಸೆಸರ್‌ನದಲ್ಲ, ಫ್ಯಾನ್ ಅಥವಾ ಪೇಸ್ಟ್‌ನದು. ಅದಕ್ಕೇ ಒಂದು ನಿಮಿಷದ ಪರೀಕ್ಷೆ ನಂಬಬೇಡಿ, ಇಪ್ಪತ್ತು ನಿಮಿಷವಾದರೂ ಓಡಲಿ.

ನಿಮ್ಮದೇ ಕೆಲಸ ಕೊಡಿ

ಇಲ್ಲಿಯವರೆಗಿನದು ರೋಗ ಹುಡುಕುವುದಕ್ಕೆ. ತೀರ್ಪು ಇಲ್ಲಿ.

ಭಾವನ ಹಳೆಯ ಕೆಲಸದಿಂದ 200 ಪುಟ ಆರಿಸಿದೆವು. ಚೊಕ್ಕ ಅಚ್ಚು, ಮಸುಕು ಅಚ್ಚು, ಹುಳ ತಿಂದ ಪುಟ, ಎರಡು ಕಾಲಂ ಇರುವ ಪುಟ, ಎಲ್ಲ ಸೇರಿಸಿ. ಸುಲಭದ್ದನ್ನಷ್ಟೇ ಆರಿಸಿದರೆ ನಾಳೆ ನಿಜವಾದ ಪುಸ್ತಕ ಬಂದಾಗ ಲೆಕ್ಕ ತಪ್ಪುತ್ತದೆ. ಪುಟಗಳನ್ನು ರ‍್ಯಾಮ್ ಡಿಸ್ಕ್‌ಗೆ (ಮೆಮೊರಿಯ ಒಂದು ಭಾಗವನ್ನೇ ಡಿಸ್ಕ್ ಮಾಡಿಕೊಂಡದ್ದು) ನಕಲು ಮಾಡಿಕೊಂಡೆವು. ಡಿಸ್ಕ್‌ನ ವೇಗ ಲೆಕ್ಕದೊಳಗೆ ನುಸುಳಬಾರದು ಅಂತ.

ಟೆಸರಾಕ್ಟ್ ಬಳಸುವವರಿಗೆ ಒಂದು ಗುಟ್ಟು. ಅದು ಒಂದೊಂದು ಪುಟಕ್ಕೂ ತಾನೇ ನಾಲ್ಕರವರೆಗೆ ಥ್ರೆಡ್ ಎಬ್ಬಿಸುತ್ತದೆ. ಒಂದು ಪುಟ ಮಾಡುವಾಗ ಸರಿ. ಆದರೆ ನೀವು ಒಟ್ಟಿಗೆ ಹನ್ನೆರಡು ಪುಟ ಹಚ್ಚಿದರೆ ಥ್ರೆಡ್‌ಗಳು ಒಂದರ ಕಾಲು ಒಂದು ತುಳಿಯುತ್ತವೆ. ‘ಓಎಂಪಿ ಥ್ರೆಡ್ ಲಿಮಿಟ್’ (OMP_THREAD_LIMIT) ಎಂಬ ಪರಿಸರ ವೇರಿಯೇಬಲ್‌ಗೆ 1 ಕೊಡಿ. ಆಮೇಲೆ ಎಷ್ಟು ಪುಟ ಒಟ್ಟಿಗೆ ಅನ್ನುವುದನ್ನು ನೀವೇ ನಿರ್ಧರಿಸಿ. ಭಾವ ಇಷ್ಟು ವರ್ಷ ಇದನ್ನು ಮಾಡಿರಲೇ ಇಲ್ಲ. ಅವನ ಹಳೆಯ ಡೆಸ್ಕ್‌ಟಾಪೇ ಇದೊಂದರಿಂದ ಚುರುಕಾಯಿತು ಅಂದರೆ ನಂಬುತ್ತೀರಾ? ಸರ್ವರ್ ಕೊಳ್ಳುವ ಮೊದಲೇ ನನ್ನನ್ನು ಕೇಳಬಹುದಿತ್ತು.

ಹಳೆಯದರಲ್ಲಿ ಒಟ್ಟಿಗೆ 1 ಪುಟ, 6 ಪುಟ, 12 ಪುಟ. ಹೊಸದರಲ್ಲಿ 1, 8, 16. ಪ್ರತಿಯೊಂದೂ ನಾಲ್ಕು ಸಲ. ಮೊದಲನೆಯದು ಬಿಟ್ಟು ಉಳಿದ ಮೂರರಲ್ಲಿ ನಡುವಿನದನ್ನು ಇಟ್ಟುಕೊಳ್ಳಿ. ಸರಾಸರಿ ಬೇಡ, ಒಂದು ಓಟ ಕೆಟ್ಟರೆ ಸರಾಸರಿಯೂ ಕೆಡುತ್ತದೆ. ಮೂರೂ ಒಂದಕ್ಕೊಂದು ಹತ್ತಿರ ಇಲ್ಲದಿದ್ದರೆ ಹಿಂದೆ ಏನೋ ಓಡುತ್ತಿದೆ. ನಮ್ಮಲ್ಲಿ ಅದು ಲಿನಕ್ಸ್‌ನ ಅಪ್‌ಡೇಟ್ ಆಗಿತ್ತು.

ಒಂದು ಪುಟದ ಓಟ, ಕೆಲಸ ಒಂದೊಂದಾಗಿ ಬರುವವರಿಗೆ. ಲೆಕ್ಕಪತ್ರದ ತಂತ್ರಾಂಶದಲ್ಲಿ ಒಬ್ಬರೇ ಕೂತು ಬಿಲ್ ಹಾಕುವುದು ಆ ಜಾತಿ. ಅಲ್ಲಿ ಎಂಟು ಕೋರ್ ಇದ್ದರೂ ಏಳು ಆಕಳಿಸುತ್ತವೆ. ಪೂರ್ತಿ ತುಂಬಿದ ಓಟ, ರಾತ್ರಿ ಹಚ್ಚಿ ಮಲಗುವವರಿಗೆ. ಭಾವ ಎರಡನೆಯವನು.

ಇನ್ನು ಏವಿಎಕ್ಸ್ ವಿಷಯ. ಟೆಸರಾಕ್ಟ್‌ಗೆ ಆವೃತ್ತಿ ಕೇಳಿದರೆ ಪ್ರೊಸೆಸರ್‌ನಲ್ಲಿ ಯಾವ ವಿಶೇಷ ಸೂಚನೆ ಸಿಕ್ಕಿತು ಅಂತಲೂ ಹೇಳುತ್ತದೆ. ಹಳೆಯದರಲ್ಲಿ ಎಸ್‌ಎಸ್‌ಇ4.1 ಸಿಕ್ಕಿತು ಅಂತಷ್ಟೇ ಬಂತು. ಹೊಸದರಲ್ಲಿ ಏವಿಎಕ್ಸ್ ಕೂಡ. ಆದರೆ ಅದು ಉಪಯೋಗಕ್ಕೆ ಬರುವುದು ಯಾವ ಮಾದರಿ ಕಡತ (ಭಾಷೆಯ ಅಕ್ಷರ ಗುರುತಿಸಲು ಕಲಿತ ಕಡತ) ಹಾಕುತ್ತೀರಿ ಅನ್ನುವುದರ ಮೇಲೆ. ಕನ್ನಡಕ್ಕೆ ‘ಫಾಸ್ಟ್’, ‘ಬೆಸ್ಟ್’ ಅಂತೆಲ್ಲ ಇವೆ. ಫಾಸ್ಟ್ ಪೂರ್ಣಾಂಕದಲ್ಲಿ ಲೆಕ್ಕ ಮಾಡುತ್ತದೆ, ಅದಕ್ಕೆ ಏವಿಎಕ್ಸ್ ನೆರವಾಗುವುದಿಲ್ಲ, ಅದರ ಮುಂದಿನ ಏವಿಎಕ್ಸ್2 ಇದ್ದರೆ ಚುರುಕು, ಅದು ಇವೆರಡರಲ್ಲೂ ಇಲ್ಲ. ಬೆಸ್ಟ್ ದಶಮಾಂಶದಲ್ಲಿ ಮಾಡುತ್ತದೆ, ಏವಿಎಕ್ಸ್ ಸಾಕು. ಮಸುಕು ಅಚ್ಚಿಗೆ ಭಾವ ಬೆಸ್ಟ್ ಹಾಕುವವನು. ಕಾಗದದ ಮೇಲಿನ ಮೂರನೆಯ ಲೆಕ್ಕ ಇಲ್ಲಿ ಅವನಿಗೆ ಕೆಲಸಕ್ಕೆ ಬಂತು. ಪೂರ್ತಿ 2.37 ಪಟ್ಟು ಎಲ್ಲೂ ಸಿಗುವುದಿಲ್ಲ, ಆದರೆ 1.18ರ ಲೆಕ್ಕಕ್ಕಿಂತ ಮೇಲೆ ಹೋಯಿತು.

ಗೋಡೆಯಲ್ಲಿ ಅಳೆಯಿರಿ

95 ವಾಟ್, 115 ವಾಟ್ ಅನ್ನುವುದು ಪ್ರೊಸೆಸರ್‌ನ ಬಿಸಿ ಹೊರಹಾಕಲು ಎಷ್ಟು ಏರ್ಪಾಡು ಬೇಕು ಅನ್ನುವುದರ ಅಂಕಿ. ನಿಮ್ಮ ಮೀಟರ್ ಓಡುವುದು ಇಡೀ ಪೆಟ್ಟಿಗೆಯ ಲೆಕ್ಕದಲ್ಲಿ. ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರ್ ತಂದು ಎರಡು ಅಂಕಿ ಬರೆದುಕೊಳ್ಳಿ: ಸುಮ್ಮನೆ ಕೂತಾಗ ಎಷ್ಟು, ಪೂರ್ತಿ ದುಡಿಯುವಾಗ ಎಷ್ಟು.

ಆಮೇಲೆ ವಾಟ್ ನೋಡಬೇಡಿ, ಕೆಲಸಕ್ಕೆ ಎಷ್ಟು ಯೂನಿಟ್ ಅಂತ ನೋಡಿ. ಉದಾಹರಣೆಗೆ ಒಂದು ಯಂತ್ರ 190 ವಾಟ್ ಎಳೆಯುತ್ತಾ ಪುಸ್ತಕವನ್ನು 5 ತಾಸಿಗೆ ಮುಗಿಸಿತು ಅಂದುಕೊಳ್ಳಿ. 0.95 ಯೂನಿಟ್. ಇನ್ನೊಂದು 220 ವಾಟ್ ಎಳೆದು 3 ತಾಸು 30 ನಿಮಿಷಕ್ಕೆ ಮುಗಿಸಿತು. 0.77 ಯೂನಿಟ್. ಜಾಸ್ತಿ ಎಳೆದದ್ದೇ ಕಡಿಮೆ ತಿಂದಿತು. ಇದು ಲೆಕ್ಕದ ದಾರಿ ತೋರಿಸಲು ಕೊಟ್ಟ ಅಂಕಿ, ನಿಮ್ಮದನ್ನು ನೀವು ಹಾಕಿಕೊಳ್ಳಿ.

ಕಡತ ಇಡುವ ಸರ್ವರ್ ಆಗಿ ದಿನವಿಡೀ ಆನ್ ಇಡುವವರಿಗೆ ದುಡಿಯುವಾಗಿನ ವಾಟ್‌ಗಿಂತ ಸುಮ್ಮನೆ ಕೂತಾಗಿನ ವಾಟ್ ದೊಡ್ಡದು. ಪ್ರತಿ 10 ವಾಟ್ ವರ್ಷಕ್ಕೆ 87.6 ಯೂನಿಟ್ ಆಗುತ್ತದೆ. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೆ 700 ರೂಪಾಯಿ. ಎರಡು ಯಂತ್ರಕ್ಕೂ 40 ವಾಟ್ ವ್ಯತ್ಯಾಸ ಇದ್ದರೆ ವರ್ಷಕ್ಕೆ 2,800. ಹಳೆ ಪ್ರೊಸೆಸರ್ ಒಂದನ್ನು ಅಗ್ಗಕ್ಕೆ ಹೊಡೆದೆ ಅಂತ ಬೀಗುವವರು ಈ ಸಾಲು ಎರಡು ಸಲ ಓದಿ. ಮನೆಯ ಇನ್ವರ್ಟರ್‌ಗೂ ಇದೇ ಅಂಕಿ ಬೇಕು.

ಅಂಕಿಯಲ್ಲಿ ಬಾರದವು

ಕೆಲವು ತಂತ್ರಾಂಶ ನಿಧಾನವಾಗಿ ಅಲ್ಲ, ಓಡುವುದೇ ಇಲ್ಲ. ಮೊಂಗೋಡಿಬಿ ಎಂಬ ಡೇಟಾಬೇಸ್‌ಗೆ 5.0ರಿಂದ ಈಚೆಗೆ ಏವಿಎಕ್ಸ್ ಬೇಕೇ ಬೇಕು. ಯಂತ್ರ ಕಲಿಕೆಯ ಟೆನ್ಸರ್‌ಫ್ಲೋದ ಸಿದ್ಧ ಪ್ಯಾಕೇಜಿಗೆ 1.6ರಿಂದಲೇ ಬೇಕು. ಎಕ್ಸ್5670 ಇಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ. ಹಾಗಂತ ಇ5-2670 ಚಿರಂಜೀವಿ ಏನಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ಕ್ಕೆ ಏವಿಎಕ್ಸ್2 ಇರುವ ತಲೆಮಾರು ಬೇಕು, ಅಲ್ಲಿ ಎರಡೂ ಹೊರಗೆ.

ಎಕ್ಸ್5670ರ ಕಾಲದ ಬೋರ್ಡಿನಲ್ಲಿ ಕಾರ್ಡ್‌ಗಳನ್ನು ಸಿಕ್ಕಿಸುವ ಹಾದಿ ಪಿಸಿಐಇ 2.0 ಇರುತ್ತದೆ, ಅದೂ ಪ್ರೊಸೆಸರ್ ಹೊರಗಿನ ಚಿಪ್‌ನಿಂದ. ಇ5ರಲ್ಲಿ ಪಿಸಿಐಇ 3.0, 40 ಲೇನ್, ನೇರ ಪ್ರೊಸೆಸರ್‌ನಿಂದಲೇ. ಅಡಾಪ್ಟರ್ ಹಾಕಿ ಎನ್‌ವಿಎಂಇ ಎಂಬ ಚುರುಕು ಎಸ್‌ಎಸ್‌ಡಿ ಕೂರಿಸಿದರೆ ಹಳೆಯದರಲ್ಲಿ ಸೆಕೆಂಡಿಗೆ 2 ಜಿಬಿಗೆ ಗಂಟಲು ಕಟ್ಟುತ್ತದೆ, ಹೊಸದರಲ್ಲಿ ಅದರ ಇಮ್ಮಡಿ ಹತ್ತಿರ ಹೋಗಬಹುದು. ಆದರೆ ಈ ಕಾಲದ ಬಯಾಸ್‌ಗಳು ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ. ಬೂಟ್‌ಗೆ ಸಾಟಾ ಎಸ್‌ಎಸ್‌ಡಿ, ಕೆಲಸಕ್ಕೆ ಎನ್‌ವಿಎಂಇ ಅಂತ ಹಂಚಿಕೊಳ್ಳಿ.

ಸದ್ದು ಕೂಡ ನೋಡಿ. ರ‍್ಯಾಕ್‌ಗೆ ಹಾಕುವ ಚಪ್ಪಟೆ ಸರ್ವರ್ ಆದರೆ ಅದರ ಪುಟ್ಟ ಫ್ಯಾನ್‌ಗಳು ಮಿಕ್ಸರಿನಂತೆ ಕೂಗುತ್ತವೆ. ಮನೆಯಲ್ಲಿ ಇಡುವವರು ಟವರ್ ಮಾದರಿ ನೋಡಿ. ಭಾವನದು ಎರಡೂ ಟವರ್, ಅದೊಂದು ಪುಣ್ಯ.

ಹದಿಮೂರನೆಯ ದಿನ ಭಾವ ಎಕ್ಸ್5670 ಅನ್ನು ವಾಪಸ್ ಕಟ್ಟಿದ. ಹೊಸದಕ್ಕೆ ನನ್ನ ನಾಲ್ಕು ಕಡ್ಡಿಯನ್ನೂ ತೆಗೆದುಕೊಂಡು ಹೋದ, ದುಡ್ಡು ಆಮೇಲೆ ಕೊಡುತ್ತಾನಂತೆ. ಹೋಗುವ ಮೊದಲು ಮೆಮೊರಿ ಯಾವ ಸ್ಲಾಟ್, ಪೇಸ್ಟ್ ಹಚ್ಚಿದ ತಾರೀಕು, 200 ಪುಟಕ್ಕೆ ಎಷ್ಟು ನಿಮಿಷ, ಗೋಡೆಯಲ್ಲಿ ಎಷ್ಟು ವಾಟ್, ಎಲ್ಲ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದೆ. ಮುಂದಿನ ಮೇ ತಿಂಗಳಲ್ಲಿ ಅದೇ 200 ಪುಟ ಮತ್ತೆ ಓಡಿಸು, ನಿಮಿಷ ಜಾಸ್ತಿಯಾದರೆ ಫ್ಯಾನ್ ಬಿಚ್ಚು ಅಂದಿದ್ದೇನೆ. ಅಲ್ಲಿಯ ಉಪ್ಪುಗಾಳಿಗೆ ಅದು ಆಗಿಯೇ ಆಗುತ್ತದೆ.